ಬಾಯಲ್ಲೊಂದು ಲವಂಗ

ಹೋದ ಸಲ ಅವನು ಹೆಣ್ಣು ನೋಡಲು ಹೋಗಿದ್ದ ಮನೆಯವರು, ಹುಡುಗನ ಬಾಯಿ ವಾಸನೆ ಎಂದು ಸಂಬಂಧ ಬೇಡವೆಂದಿದ್ದರು. ಅಂದಿನಿಂದ ಅವನು ರಕ್ತ ಬರುವಂತೆ ನಾಲಿಗೆ ಉಜ್ಜುತ್ತಿದ್ದ, ಉಪ್ಪುನೀರು ಮುಕ್ಕಳಿಸುತ್ತಿದ್ದ. ವಸಡಿನ ಕೀವು ಮಾತ್ರ ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ.

ಇಂದಿನ ಹುಡುಗಿ ನೋಡಿದೊಡನೆ ಹಿಡಿಸಿಬಿಟ್ಟಳು. ಅವಳು ಮಾಡಿದ ಉಪ್ಪಿಟ್ಟು ತಳ ಹತ್ತಿ ಘಾಟು ಹೊಡೆಯುತ್ತಿದ್ದರೂ ತುಟಿ ಪಿಟಕ್ಕೆನ್ನದೆ ತಿಂದು, ಬಾಯಿಗೊಂದು ಲವಂಗ ಹಾಕಿಕೊಂಡ. ಈ ಸಂಬಂಧವೂ ತಪ್ಪಬಾರದು.

"ಹಿತ್ತಲಿಗೆ ಹೋಗಿ ಇಬ್ಬರೂ ಮಾತಾಡ್ಕೊಂಡು ಬನ್ನಿ" ಎಂದರು ಅವಳ ತಂದೆ.

ಹಿತ್ತಲಲ್ಲಿ ಅವನು ಮುಖ ಆಚೆ ತಿರುಗಿಸಿಕೊಂಡೇ ನಿಂತ.

"ನಾನು ಇಷ್ಟ ಆಗಲಿಲ್ವಾ?"

ಇಷ್ಟವೆಂದು ತಲೆಯಾಡಿಸಿದ.

"ಕೋಲೆ ಬಸವನ ಥರ ತಲೆ ಆಡಿಸಿದ್ರೆ ಹೇಗ್ರೀ? ಬಾಯಿಬಿಟ್ಟು ಹೇಳಿ."

ಮುಚ್ಚಿಟ್ಟು ತಾಳಿ ಕಟ್ಟುವುದು ಅವನಿಂದಾಗದ ಕೆಲಸ. ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದು, "ನನ್ನ ಬಾಯಿ ವಾಸನೆ ಬರುತ್ತೆ. ವಸಡಿಗೆ ಔಷಧಿ ನಡೀತಿದೆ. ಇದರಿಂದಲೇ ಒಂದು ಸಂಬಂಧ ತಪ್ಪಿಹೋಯ್ತು" ಎಂದ.

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಅಪ್ಪ ಹೇಳಬೇಡ ಅಂದಿದ್ದಾರೆ. ಹೋದ ವರ್ಷ ಜ್ವರ ಬಂದು ಹೋದಮೇಲೆ ನನಗೆ ಯಾವ ವಾಸನೆಯೂ ತಿಳಿಯಲ್ಲ. ನಿಜ ಹೇಳಿ, ಉಪ್ಪಿಟ್ಟು ತಳ ಹತ್ತಿತ್ತಾ?"