ಎದ್ದ ದಿಬ್ಬ

ಮೂಲ್ಕಿಯ ಕಡಲಲ್ಲಿ ಸರ್ಫಿಂಗ್ ಕಲಿತವನು ಹಿಂದೊಮ್ಮೆ ಹೋಗಿದ್ದ ಇಂಡೋನೇಷ್ಯಾದ ದೂರದ ದ್ವೀಪಕ್ಕೆ ಕೆಲವು ವರ್ಷಗಳ ಬಳಿಕ ಮರಳಿ ಬಂದಿದ್ದ. ಹವಳದ ದಿಬ್ಬದ ಮೇಲೆ ಅಲೆ ಈಗ ಎರಡಾಳೆತ್ತರಕ್ಕೆ ಏಳುತ್ತಿತ್ತು. ಮನದಣಿಯೆ ಸವಾರಿ ಮಾಡಿ ದೋಣಿ ಹತ್ತಿದ.

"ಎಂಥ ಅಲೆ ಮಾರಾಯಾ! ಹೋದ ಸಲ ಇದರ ಅರ್ಧವೂ ಇರ್ಲಿಲ್ಲ."

"ಭೂಕಂಪ ಆಯ್ತಲ್ಲ ಅಣ್ಣ, ಆಗ ದಿಬ್ಬ ಮೇಲೆದ್ದಿತು," ಎಂದ ಹಳೆಯ ಪರಿಚಯದ ದೋಣಿಯವ.

"ಹಾಗಾದ್ರೆ ದೇವರೇ ಕೊಟ್ಟದ್ದು!"

"ಅವನನ್ನು ಬಿಟ್ಟು ಇನ್ಯಾರು."

ಬಂದವನು ಕಡಲಿಗೆ ಕೈಮುಗಿದ. "ಇನ್ನೊಂದ್ಸಲ ನಡುಗಿಸಪ್ಪಾ, ಇನ್ನೂ ಸ್ವಲ್ಪ ಎತ್ತು! ನೀನೂ ಬೇಡ್ಕೊ ಮಾರಾಯಾ."

ದೋಣಿಯವ ಹುಟ್ಟನ್ನು ಕೆಳಗಿಟ್ಟು, ಮುಗಿದಿದ್ದ ಆ ಕೈಗಳನ್ನು ಮೆಲ್ಲಗೆ ಬಿಡಿಸಿದ.

"ಬೇಡ ಅಣ್ಣ. ನನಗೀಗ ಉಳಿದಿರೋದು ಒಬ್ಳೇ ಮಗಳು."