ಮುಂದಿನ ಸೀಟು

"ಹಿಂದೆ ಕೂತ್ಕೊಳಕ್ಕೆ ನಾನೇನು ಮಹಾರಾಣಿನಾ?" ಎನ್ನುತ್ತ ಥೆಲ್ಮಾ ಕಾರಿನ ಮುಂದಿನ ಬಾಗಿಲಿಗೇ ಕೈ ಹಾಕಿದಾಗ ಮರ್ವ್‌ನ ಎದೆ ಧಸಕ್ಕೆಂದಿತು.

ಎರಡು ವರ್ಷದಿಂದ ಅವನು ಒಂದು ಸೇವಾ ಸಂಸ್ಥೆಯ ಪರವಾಗಿ ಟ್ರಂಡಲ್ ಊರಿನ ಕ್ಯಾನ್ಸರ್ ರೋಗಿಗಳನ್ನು ತನ್ನ ಕಾರಿನಲ್ಲಿ ಆರೆಂಜ್ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದು ಮನೆಗೆ ತಲುಪಿಸುತ್ತಿದ್ದ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಬಿಟ್ಟಿ ಸೇವೆ. ಯಾರಾದರೂ ಮನೆಯಲ್ಲೇ ಮಾಡಿದ ಜಾಮ್ ಕೊಟ್ಟರೆ ಮಾತ್ರ ಬೇಡ ಅನ್ನುತ್ತಿರಲಿಲ್ಲ. ಎಲ್ಲರನ್ನೂ ಹಿಂದೆಯೇ ಕೂರಿಸಿ, "ಸಂಸ್ಥೆಯ ರೂಲ್ಸು" ಎಂದು ಹೇಳಿಬಿಡುತ್ತಿದ್ದ. ಓಡಿಸುವವನ ಬೆನ್ನ ಹಿಂದೆ ಕೂತು ಹೋಗುವುದೆಂದರೆ ಆ ಕಡೆಯ ಜನಕ್ಕೆ ಮುಜುಗರ, ದೊಡ್ಡಸ್ತಿಕೆ ತೋರಿಸಿದಂತೆ. ಆದರೆ ಪಾಪ, ರೋಗಿಗಳಿಗೆ ವಾದಿಸುವ ತ್ರಾಣ ಎಲ್ಲಿರುತ್ತದೆ? ಥೆಲ್ಮಾಗೆ ಇತ್ತು. ಕುರಿ ಉಣ್ಣೆ ಕತ್ತರಿಸುವವರ ಶೆಡ್ಡುಗಳಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ, ಗಂಡಸರ ಹಿಂಡನ್ನೇ ಸೌಟಿನ ತುದಿಯಲ್ಲಿ ಹದ್ದುಬಸ್ತಿನಲ್ಲಿಟ್ಟಿದ್ದವಳು ಅವಳು.

"ಥೆಲ್ಮಾ, ರೂಲ್ಸು..."

"ನಿನ್ನ ರೂಲ್ಸಿಗಿಷ್ಟು ಬೆಂಕಿ ಹಾಕ! ಬೆಳಿಗ್ಗೆನೇ ಸಂಸ್ಥೆಗೆ ಫೋನ್ ಮಾಡಿ ಕೇಳ್ದೆ. ಅಂಥಾದ್ದೇನೂ ಇಲ್ವಂತೆ. ಬೆನ್ನುಮೂಳೆಗೆ ರೋಗ ಬಂದಿದೆ ಕಣಯ್ಯ, ಕಾಲು ಚಾಚ್ದೆ ಎರಡು ಗಂಟೆ ಕೂತ್ರೆ ಆಸ್ಪತ್ರೆ ಬದ್ಲು ನೆಟ್ಟಗೆ ಸ್ಮಶಾನಕ್ಕೇ ಬಿಡ್ಬೇಕಾಗತ್ತೆ."

ಸುಳ್ಳು ಸಿಕ್ಕಿಬಿದ್ದ ಮೇಲೆ ಮರ್ವ್ ತಾನೇ ಬಾಗಿಲು ತೆರೆದ. ಥೆಲ್ಮಾ ಮುಲುಕುತ್ತ ಒಳಗೆ ಕೂತಳು. ಒರಗಿದವಳು ಒರಗುತ್ತಲೇ ಹೋದಳು. "ಅಯ್ಯಯ್ಯೋ, ಇದು ಸೀಟೋ ಹಾಸಿಗೆಯೋ?" ಎನ್ನುತ್ತ ಅದನ್ನು ಎತ್ತರಿಸಲು ಪಕ್ಕದ ಹಿಡಿಗೆ ಕೈ ಹಾಕಿದಳು.

"ಅದನ್ನ ಮುಟ್ಟಬೇಡ!"

ದನಿ ತಾನೆಣಿಸಿದ್ದಕ್ಕಿಂತ ಜೋರಾಗಿತ್ತು. ಮರ್ವ್‌ಗೇ ನಾಚಿಕೆಯಾಯಿತು. "ಕೋರಲ್ ಹೊಂದಿಸಿಕೊಂಡಿದ್ದು ಅದು," ಎಂದ ಮೆಲ್ಲಗೆ. "ಅವಳು ಹೋದ್ಮೇಲೆ ನಾನು ಅಲ್ಲಾಡಿಸಿಲ್ಲ."

ಕ್ಯಾನ್ಸರಿನಿಂದ ತೀರಿಕೊಂಡ ಅವನ ಹೆಂಡತಿ ಕೋರಲ್‌ಳನ್ನು ಊರಿನಲ್ಲಿ ಯಾರು ತಾನೆ ಅರಿಯರು? ಥೆಲ್ಮಾ ಕೈ ಹಿಂದೆ ತೆಗೆದುಕೊಂಡು ಹಾಗೆಯೇ ಒರಗಿದಳು. ಕಾರು ಹೊರಟಿತು. ರಸ್ತೆಯ ಎರಡು ಬದಿಗೂ ಕೆನೋಲಾ ಎಣ್ಣೆಕಾಳಿನ ಹೊಲಗಳು ಹಳದಿ ಹೂ ಬಿಟ್ಟು ನಿಂತಿದ್ದವು.

"ಆರು ವಾರ ಅವಳನ್ನ ಇದೇ ದಾರೀಲಿ ಕರ್ಕೊಂಡು ಹೋದೆ," ಎಂದು ಮರ್ವ್ ತಾನಾಗಿಯೇ ಶುರು ಮಾಡಿದ. "ಮೊದಮೊದಲು ಬಾಯಿ ಮುಚ್ತಿರಲಿಲ್ಲ ಅವಳು. ಕೊನೇ ಎರಡು ವಾರ ಒಂದು ಮಾತಿಲ್ಲ. ನಿದ್ದೆ ಬಂದಿರಬೇಕು ಅಂತ ನಾನೂ ಮಾತಾಡಿಸಲಿಲ್ಲ. ಕಾಂಗರೂ ಅಡ್ಡ ಬಂದೀತು ಅಂತ ಕತ್ತು ತಿರುಗಿಸ್ದೆ ಓಡಿಸ್ದೆ. ಆಮೇಲೆ ಅವಳು ಮಾತಾಡೋ ಸ್ಥಿತೀಲೇ ಇರಲಿಲ್ಲ. ಮನಸ್ಸಲ್ಲಿ ಏನಿತ್ತೋ. ನನ್ನ ಮೇಲೆ ಕೋಪಾನೋ ಏನೋ. ಅದೊಂದು ಗೊತ್ತಾಗಿದ್ರೆ ಸಾಕಿತ್ತು."

ಆ ಒಂದು ಮಾತಿನ ಹಂಬಲಕ್ಕೇ ಅವನು ಈ ದಾರಿಯನ್ನು ಬಿಟ್ಟಿರಲಿಲ್ಲ. ಊರವರು ಅದನ್ನು ಸೇವೆ ಎಂದು ಹೊಗಳುವಾಗ ಅವನಿಗೆ ಮುಖ ಎತ್ತಲು ಆಗುತ್ತಿರಲಿಲ್ಲ.

ಕಾರು ಪಾರ್ಕ್ಸ್ ಊರು ದಾಟಿತು, ಮೊಲಾಂಗ್ ದಾಟಿತು. ಥೆಲ್ಮಾಗೂ ನಿದ್ದೆ ಬಂತೆಂದುಕೊಂಡ ಮರ್ವ್.

"ಮರ್ವ್."

"ಏನು, ನೋವಾ? ನಿಲ್ಲಿಸ್ಲಾ?"

"ನೋವು ಆಗಲಿಂದ ಇದೆ. ಇಷ್ಟು ಕೆಳಗೆ ಒರಗಿದ್ರೆ ರೋಗ ಬಂದ ಮೈಗೆ ಸುಖ ಇಲ್ಲ ಕಣಯ್ಯ, ಸೀಟು ಒಂಚೂರು ಮೇಲಿರ್ಬೇಕಿತ್ತು. ಇವಳ್ಯಾಕೆ ಹಿಂಗೆ ಮಾಡ್ಕೊಂಡ್ಲು ಅಂತ ಅವಾಗಿಂದ ಯೋಚಿಸ್ತಿದೀನಿ. ಇಲ್ಲಿಂದ ರಸ್ತೆ ಕಾಣಲ್ಲ, ಹೊಲ ಕಾಣಲ್ಲ. ಆ ಕಡೆ ತಿರುಗಿದ್ರೆ ಬರೀ ಆಕಾಶ, ಈ ಕಡೆ ನಿನ್ನ ಮುಖ." ಅವನ ಕಡೆ ಕತ್ತು ಹೊರಳಿಸಿದಳು. "ಆಕಾಶ ನೋಡೋದಕ್ಕೆ ಅಂತ ಯಾವ ಹೆಂಗಸೂ ಇಷ್ಟು ನೋವು ತಿನ್ನಲ್ಲ."

ಮರ್ವ್ ಕಾರನ್ನು ರಸ್ತೆಬದಿಗೆ ತಂದು ನಿಲ್ಲಿಸಿದ. ಆ ದಾರಿಯಲ್ಲಿ ಮೊದಲ ಸಲ, ಎರಡು ವರ್ಷ ತಡವಾಗಿ, ಪೂರ್ತಿ ಎಡಕ್ಕೆ ತಿರುಗಿ ಆ ಸೀಟಿನ ಕಡೆ ನೋಡಿದ.

ಅಲ್ಲಿ ಥೆಲ್ಮಾ ಇದ್ದಳು, ಸೀಟು ಎತ್ತರಿಸುವ ಹಿಡಿಯ ಮೇಲೆ ಕೈಯಿಟ್ಟು, ಅವನ ಅಪ್ಪಣೆಗೆ ಕಾಯುತ್ತ.