ನಾಲ್ಕನೇ ಜ್ವರ

ಕರಾವಳಿಯಿಂದ ಬಯಲುಸೀಮೆಗೆ ಬಂದು ಎರಡು ವಾರವಷ್ಟೇ ಆಗಿದ್ದ ಎಲೆಕ್ಟ್ರಿಷಿಯನ್‌ಗೆ ಆ ಊರಿನ ಅಜ್ಜಿಯೊಬ್ಬಳ ಹೊಸ ಶೆಡ್ಡೇ ಮೊದಲ ಕೆಲಸ. ಕಬ್ಬಿಣದ ಕಂಬಗಳು ನಿಂತಿದ್ದವು. ಮೇಲೆ ಶೀಟು, ಒಳಗೆ ದೀಪ ಇನ್ನೂ ಆಗಬೇಕಿತ್ತು.

"ದೊಡ್ಡ ಫ್ಲಡ್‌ಲೈಟ್ ಹಾಕುವಾ ಅಜ್ಜಿ? ಹಗಲಿನ ಹಾಗೆ ಕಾಣ್ತದೆ."

"ಅಯ್ಯೋ, ಬ್ಯಾಡ ಕಣಪ್ಪ! ನನ್ ಮಕ್ಳಿಗೆ ಕಣ್ ಕುಕ್ಕೋ ಬೆಳಕು ಆಗಾಕಿಲ್ಲ. ಸಣ್ ಬಲ್ಬ್ ಸಾಕು. ಶೀಟ್ ಮ್ಯಾಲೆ ತೆಂಗಿನ ಗರಿ ಹೊದಿಸ್ತೀನಿ, ತಂಪಾಗಿರ್ಲಿ."

"ಮಕ್ಕಳು ಇಲ್ಲಿ ಮಲಗುದಾ?"

"ಇನ್ನೆಲ್ಲಿ? ಅಟ್ಟಣೆ ಕಟ್ಸಿ ಸಾಲಾಗಿ ಮಲಗಿಸ್ತೀನಿ. ನಾಕು ಸಲ ಜ್ವರ ಬತ್ತದೆ. ಜ್ವರಕ್ಕೆ ಕೂತ್ರೆ ಬಾಯಿಗೆ ಏನೂ ಇಡಾಕಿಲ್ಲ, ಚರ್ಮ ಕಳಚ್ಕೊಂಡೇ ಏಳೋದು."

"ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ಜ್ವರಕ್ಕೆಲ್ಲ ಯಾವ ಡಾಕ್ಟ್ರು! ನಾಕ್ನೇದು ಬಿಟ್ ಮ್ಯಾಕೆ ನೋಡ್ಬೇಕು, ತಿನ್ನೋ ಸದ್ದು ಮಳೆ ಹುಯ್ದಂಗೆ ಕೇಳ್ತದೆ," ಎಂದು ಅಜ್ಜಿ ಹೆಮ್ಮೆಯಿಂದ ನಕ್ಕಳು.

ಇದೆಂಥ ಹೆಂಗಸು ಮಾರಾಯ್ರೆ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆ ಬಲ್ಬುಗಳ ಜೊತೆಗೆ ಇನ್ನೊಂದು ಚೀಲವನ್ನೂ ತಂದು ಅವಳ ಮುಂದೆ ಧೊಪ್ಪನೆ ಇಟ್ಟ. ಅದರಲ್ಲಿ ಬ್ರೆಡ್ಡು, ಗ್ಲೂಕೋಸ್ ಪುಡಿ, ಐದು ಪಟ್ಟಿ ಜ್ವರದ ಮಾತ್ರೆ ಇದ್ದವು.

"ಮೊದಲು ಮಕ್ಕಳಿಗೆ ಇದು ಕೊಡಿ. ವೈರಿಂಗ್ ಆಮೇಲೆ."

ಅಜ್ಜಿ ಚೀಲದೊಳಗೆ ಇಣುಕಿದಳು, ಅವನ ಮುಖ ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಐದು ಪಟ್ಟಿ ಎಲ್ಲಿ ಸಾಕಾದದು ಮಗಾ? ನನ್ನವು ನಲವತ್ತು ಸಾವಿರ ರೇಷ್ಮೆ ಹುಳ!"